ಮೇಷ್ಟ್ರು ಹೇಳಲಾರದ ಉತ್ತರ

ಪ್ರಯೂನ್ ಮೇಷ್ಟ್ರಿಗೆ ಉತ್ತರ ಮೊದಲ ದಿನವೇ ಸಿಕ್ಕಿತ್ತು. ಆದರೂ ದಿನವೂ ಹೆಂಡತಿಯ ಅಕ್ಕ ಕೇಸೊನಳ ಮನೆಯ ಗೇಟಿನವರೆಗೆ ಬರುವರು. ಬಾಯಿ ತೆರೆಯದೆ ಹಿಂದಿರುಗುವರು.

ಹೆಂಡತಿ ಲಮ್‌ದುವನ್ ಆ ಗೇಟಿನ ಒಳಗಿದ್ದಳು. ನೆಂಟರ ಮದುವೆಯ ಊಟದಲ್ಲಿ ಏನೋ ತಮಾಷೆ ಹೇಳಿ ಥಾಯ್ ನಾಡಿನ ಲಾಂಪಾಂಗಿನಲ್ಲಿ ಅರ್ಧ ಊರನ್ನೇ ನಗಿಸಿದ್ದಳು. "ವಯಸ್ಸಿಗೆ ತಕ್ಕ ಹಾಗಿರು" ಎಂದು ಮೇಷ್ಟ್ರು ಎಲ್ಲರೆದುರು ಗದರಿದರು. ಆಕೆ ಬಟ್ಟೆಯ ಗಂಟು ಕಟ್ಟಿ ಅಕ್ಕನ ಮನೆ ಸೇರಿದಳು.

ಆಕೆಯೂ ಗಣಿತ ಕಲಿಸಿದವಳೇ. ಕ್ಷಮೆ ಬೇಡವೆಂದಳು, ಒಂದು ಲೆಕ್ಕ ಹೇಳಿಕಳಿಸಿದಳು. ಮೂರು, ಐದು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು. ಇಷ್ಟರಿಂದಲೂ ಶೇಷವಿಲ್ಲದೆ ಭಾಗವಾಗುವ ಅತಿ ಚಿಕ್ಕ ಸಂಖ್ಯೆ ಯಾವುದು? ಲಕ್ಷ, ಸಾವಿರ ಎಂದು ಸುತ್ತುವಂತಿಲ್ಲ. ಗೇಟಿನ ಮುಂದೆ ನಿಂತು ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಹೇಳಬೇಕು. ಹೇಳಿದರೆ ಮನೆಗೆ ಬರುತ್ತಾಳೆ.

ಎಲ್ಲವೂ ಅವಿಭಾಜ್ಯ ಸಂಖ್ಯೆಗಳು. ಗುಣಿಸಿದರೆ ಮುಗಿಯಿತು: ೫೫೫೫೫೫.

ಮೇಷ್ಟ್ರು ತಪ್ಪಿಸಿಕೊಳ್ಳಲು ದಾರಿ ಹುಡುಕಿದರು. ಅದರ ಎರಡರಷ್ಟು, ೧೧೧೧೧೧೦, ಅದೂ ಎಲ್ಲದರಿಂದ ಭಾಗವಾಗುತ್ತದೆ, ಹೇಳಲೂ ಸುಲಭ. ಆದರೆ ಅತಿ ಚಿಕ್ಕದಲ್ಲ. ಇನ್ನೂ ಚಿಕ್ಕದೊಂದು ಇದ್ದೀತೆ? ಒಂದು ಭಾಜಕ ಬಿಟ್ಟರೂ ಲೆಕ್ಕ ಕೆಡುತ್ತದೆ. ಹಿಂದಿನಿಂದ ಓದಿದರೆ? ಅದೇ ಸಂಖ್ಯೆ. ಸುಳ್ಳು ಹೇಳೋಣವೆಂದರೆ ಬುದ್ಧನೆದುರು ಸುಳ್ಳಾಡೆನೆಂದು ವ್ರತ ಹಿಡಿದ ನಾಲಗೆ.

"ಏನ್ ಮೇಷ್ಟ್ರೇ, ಇವತ್ತೂ ಶೇಷ ಉಳೀತಾ?" ಕೇಸೊನ್ ಜಗಲಿಯಿಂದ ಕೆಣಕಿದಳು.

"ಉತ್ತರ ಗೊತ್ತಿದೆ ಅಕ್ಕ. ಬರೆದು ಕೊಡ್ತೀನಿ."

"ಬರೆಯೋದು ಗಿರೆಯೋದು ಆಗಲ್ಲ," ಒಳಗಿಂದ ಲಮ್‌ದುವನ್ ಹೇಳಿದಳು. "ಬೈಯೋಕೆ ಬಾಯಿತ್ತಲ್ಲ, ಅದನ್ನೇ ತೆಗೀರಿ."

"ಬೀದೀಲಿ ಜನ ಇದ್ದಾರೆ ಕಣೇ."

"ಮದುವೇಲೂ ಇದ್ರು."

ಮೇಷ್ಟ್ರು ತಿರುಗಿ ನೋಡಿದರು. ನೂಡಲ್ಸ್ ಮಾರುವವನು ಗಾಡಿ ನಿಲ್ಲಿಸಿದ್ದ. ಹಳೆಯ ಶಿಷ್ಯರಿಬ್ಬರು ಬೈಕಿನ ಮೇಲೆ ಕುಳಿತೇ ಕೈಮುಗಿದರು. ಈ ಮುಖ ಕಂಡರೆ ತರಗತಿಯಲ್ಲಿ ನೊಣವೂ ಹಾರುತ್ತಿರಲಿಲ್ಲ. ಆ ಗತ್ತನ್ನು ಇವತ್ತು ಇಲ್ಲೇ ಬಿಟ್ಟುಹೋಗಬೇಕು.

ಮನೆ ನೆನಪಾಯಿತು. ಅನ್ನದ ಬುಟ್ಟಿ ಬರಿದು. ಬುದ್ಧನ ಪೀಠದಲ್ಲಿ ಮಲ್ಲಿಗೆ ಮಾಲೆ ಒಣಗಿತ್ತು; ಕಟ್ಟುವ ಕೈ ಇಲ್ಲಿತ್ತು. ರಾತ್ರಿ ಕೆಮ್ಮಿದರೆ ಏನಾಯಿತೆಂದು ಕೇಳುವವರಿರಲಿಲ್ಲ.

ಕಣ್ಣು ಮುಚ್ಚಿದರು. ಕತ್ತೆತ್ತಿ, ಎದೆ ತುಂಬ ಉಸಿರೆಳೆದು, ಅಂಕಿಗಳನ್ನು ಒಂದರ ಹಿಂದೊಂದು ಹೇಳಿ ಮುಗಿಸಿದರು.

ನೂಡಲ್ಸಿನವನ ಕೈಯಿಂದ ಸೌಟು ಜಾರಿತು. ಶಿಷ್ಯರು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು.

ಗೇಟು ತೆರೆಯಿತು. ಲಮ್‌ದುವನ್ ಗಂಟು ಹಿಡಿದೇ ನಿಂತಿದ್ದಳು, ಕಣ್ಣು ಒದ್ದೆಯಾಗಿತ್ತು.

"ಮದುವೆ ಆದಾಗಿನಿಂದ ಕಾದಿದ್ದೆ ಕಣ್ರೀ, ನಿಮ್ಮ ಬಾಯಲ್ಲಿ ಇದನ್ನೊಂದ್ಸಲ ಕೇಳೋಕೆ. ನಡೀರಿ ಮನೆಗೆ."

ಥಾಯ್ ಮಾತಿನಲ್ಲಿ ಐದಕ್ಕೆ 'ಹಾ' ಎನ್ನುತ್ತಾರೆ.