ಕೆಂಪು ಸೀಗಡಿಗಳ ತೊಟ್ಟಿ

ಸತ್ತ ಸೀಗಡಿ ಒಂದೂ ಕಣ್ಣಿಗೆ ಬೀಳುತ್ತಿರಲಿಲ್ಲ. ಬದುಕಿದ್ದವು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತಿದ್ದವು.

ವೀರಭದ್ರಪ್ಪ ಗಾಜಿಗೆ ಮೂಗು ತಾಗಿಸಿ ಹುಡುಕಿದರು. ಪಾಚಿಯ ಎಳೆಗಳ ನಡುವೆ, ಕಲ್ಲಿನ ಸಂದಿಯಲ್ಲಿ, ಗಾಳಿಗುಳ್ಳೆ ಬಿಡುವ ಸ್ಪಂಜಿನ ಹಿಂದೆ. ಕಳಚಿಬಿದ್ದ ಬಿಳಿ ಪೊರೆಗಳು ಸಿಕ್ಕವೇ ಹೊರತು ಹೆಣವಿಲ್ಲ.

ಹೆಂಡತಿ ತೀರಿಕೊಂಡ ವರ್ಷ ಹೈದರಾಬಾದಿನ ಗೆಳೆಯ ಗಯಾಸುದ್ದೀನ್ ಪ್ಲಾಸ್ಟಿಕ್ ಚೀಲದ ನೀರಿನಲ್ಲಿ ಬಿಟ್ಟು ಕೊಟ್ಟಿದ್ದ ಜೀವಗಳು ಅವು. ಹುಮನಾಬಾದಿನ ಈ ಪಡಸಾಲೆಯಲ್ಲಿ ಹೊಟ್ಟೆಯಡಿ ಮೊಟ್ಟೆ ಹೊತ್ತು, ಮರಿ ಮಾಡಿ, ತೊಟ್ಟಿಯನ್ನೇ ಕೆಂಪಾಗಿಸಿದ್ದವು. "ಲಿಂಗ ಕಟ್ಟಿದವರ ಮನ್ಯಾಗ ಝಿಂಗಾ ಸಾಕ್ಯಾರಂತ" ಎಂದು ಓಣಿಯವರು ನಕ್ಕಿದ್ದರು. "ತಿನ್ನಾಕಲ್ರಿ, ನೋಡಾಕ" ಎಂದು ಅವರೂ ನಕ್ಕಿದ್ದರು.

ಈಗ ನಗು ಬರುತ್ತಿರಲಿಲ್ಲ. ಹಿತ್ತಲಲ್ಲಿ, ಪೇರಲ ಗಿಡದ ಬುಡದ ಹಸಿಮಣ್ಣಿನ ಮೇಲೆ ಇರುವೆಗಳ ಸಾಲು ಕಂಡು ಕಡ್ಡಿಯಿಂದ ಕೆದಕಿದರು. ಬಣ್ಣಗೆಟ್ಟ ಪುಟ್ಟ ಪುಟ್ಟ ಸೀಗಡಿಗಳು. ಯಾರೋ ಮರೆಮಾಚಿ ಹೂತಿದ್ದರು.

ಮನೆಯಲ್ಲಿದ್ದವರು ಮೂವರೇ. ಅವರು, ಮಗ ಸಂಜೀವಕುಮಾರ, ಬಸವಕಲ್ಯಾಣದಿಂದ ಬಂದ ಸೊಸೆ ಮನೀಷಾ. ಸೊಸೆ ಸೈನ್ಸ್ ಓದಿದವಳು, ಮಾತು ಕಡಿಮೆ. ಈಚೆಗೆ ಅವಳ ನಡೆಯೇ ಬೇರೆಯಾಗಿತ್ತು. ಎರಡು ಸಲ ಮಾವನ ಮುಂದಿದ್ದ ಹಾಲಿನ ಗ್ಲಾಸು ಉರುಳಿಸಿದ್ದಳು. "ಕೈ ಜಾರ್ತು ಮಾವಾರ" ಎಂದಾಗ ಮುಖದಲ್ಲಿ ಪಶ್ಚಾತ್ತಾಪದ ಸುಳಿವೂ ಇರಲಿಲ್ಲ. ದಿನಾ ಬೆಳಿಗ್ಗೆ ಸೆರಗಿನಡಿ ಏನನ್ನೋ ಮುಚ್ಚಿಕೊಂಡು ಹಿತ್ತಲ ಕೋಣೆಗೆ ಹೋಗುತ್ತಿದ್ದಳು.

ಮಗನಿಗೆ ಹೇಳಿದರು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಆಕಿನೇ ನೀರಾಗ ಏನೋ ಹಾಕಾಕತ್ತಾಳ ಅಪ್ಪಾ. ತಲಿ ಸರಿ ಇಲ್ಲ ಆಕಿದು. ತವರಿಗೆ ಕಳಿಸಿಬಿಡೋಣು."

ಹೆದ್ದಾರಿ ಬದಿಯ ಹೊಲ ಮಾರುವುದಿಲ್ಲ ಎಂದದ್ದಕ್ಕೆ ವರ್ಷಗಟ್ಟಲೆ ಮುನಿಸಿಕೊಂಡಿದ್ದ ಮಗ, ಈ ಬೇಸಿಗೆಯಲ್ಲಿ ತಾನಾಗಿ ಮೆತ್ತಗಾಗಿದ್ದ. ಕೆಮಿಕಲ್ ಕಾರ್ಖಾನೆಯ ಗೋದಾಮಿನ ಕೆಲಸಕ್ಕೆ ಹೊರಡುವ ಮುನ್ನ ತಂದೆಗೆ ಹಾಲು ತಾನೇ ತಂದುಕೊಡುತ್ತಿದ್ದ. ವೀರಭದ್ರಪ್ಪನವರಿಗೆ ಕಾಲು ಜೋಮು ಹಿಡಿದು, ಊಟ ಸೇರದೆ, ಕೂದಲು ಉದುರತೊಡಗಿದ ಮೇಲೂ ಒಂದು ದಿನವೂ ತಪ್ಪಿಸಿರಲಿಲ್ಲ. ಮಗನ ಮಾತು ಅವರಿಗೆ ಸರಿಯೆನಿಸಿತು.

ಮರುದಿನ ಬೆಳಿಗ್ಗೆ ಗೋಡೆ ಹಿಡಿದುಕೊಂಡು ಸೊಸೆಯ ಹಿಂದೆಯೇ ನಡೆದರು. ಹಿತ್ತಲ ಕೋಣೆಯ ಬಾಗಿಲು ತಳ್ಳಿದರು.

ಕಿಟಕಿಯ ಮೇಲೆ ಎರಡು ಗಾಜಿನ ಬಾಟಲಿಗಳು. ಒಂದರಲ್ಲಿ ಕೆಂಪು ಸೀಗಡಿಗಳು ಚುರುಕಾಗಿ ಪಾಚಿ ಮೇಯುತ್ತಿದ್ದವು. ಇನ್ನೊಂದರಲ್ಲಿ ಎಲ್ಲವೂ ಮಗ್ಗುಲಾಗಿ ತಳ ಸೇರಿದ್ದವು. ಮನೀಷಾ ಅತ್ತು ಕಣ್ಣು ಊದಿಸಿಕೊಂಡಿದ್ದಳು.

"ಬಾಯಿ ಇಲ್ಲದ ಜೀವ ಅವು. ಯಾಕ ಕೊಲ್ಲಾಕತ್ತಿದಿ?"

"ಖಾತ್ರಿ ಇಲ್ಲದ ಹ್ಯಾಂಗ ಹೇಳ್ಲಿ ಮಾವಾರ? ಹೇಳಿದ್ರ ನೀವು ನಂಬ್ತಿದ್ರೇನು?" ಅವಳು ಸೀಗಡಿಗಳು ಬದುಕಿದ್ದ ಬಾಟಲಿ ಮುಟ್ಟಿದಳು. "ಎರಡ್ರಾಗೂ ನಿಮ್ಮ ತೊಟ್ಟಿ ನೀರೇ ಅದ. ಇದಕ್ಕ ಹಾಲು ಕಾಸಿದ ಪಾತೇಲ್ಯಾಗಿಂದು ಒಂದು ಹನಿ ಹಾಕೇನಿ. ಆ ಬಾಟಲಿಗೆ, ನಿಮ್ಮ ಗ್ಲಾಸಿನ ತಳದಾಗ ಉಳಿದಿದ್ದು ಒಂದು ಹನಿ. ಮತ್ತ ಮತ್ತ ಮಾಡಿ ನೋಡೀನಿ. ಪ್ರತಿ ಸಲ ಹಿಂಗೇ."

"ಎರಡೂ ಒಂದೇ ಹಾಲಲ್ಲೇನು?"

"ಕಾಸೋದು ನಾನು." ಅವಳ ದನಿ ತಗ್ಗಿತು. "ನಿಮಗ ತಂದುಕೊಡೋರು ಅವರು."

ವೀರಭದ್ರಪ್ಪ ಬಾಟಲಿಯನ್ನೇ ನೋಡುತ್ತ ನಿಂತರು. ಹೊರಗೆ ಚಪ್ಪಲಿಯ ಸದ್ದಾಯಿತು. ಬಾಗಿಲಲ್ಲಿ ಸಂಜೀವಕುಮಾರ, ಕೈಯಲ್ಲಿ ಹಬೆಯಾಡುವ ಗ್ಲಾಸು.

"ಇಲ್ಲಿದ್ದೀರೇನು ಅಪ್ಪಾ? ಹಾಲು ಆರಾಕತ್ತದ."

ಅವರು ಗ್ಲಾಸು ಇಸಿದುಕೊಂಡರು. ಆಮೇಲೆ ಅದನ್ನು ಅವನ ಕಡೆಗೇ ಹಿಡಿದರು.

"ಇವತ್ತ ನೀನೇ ಕುಡಿಯೋ, ಸಂಜೂ."

ಮಗನ ಕೈ ಮುಂದೆ ಬರಲಿಲ್ಲ.