ಬಿದ್ದ ದಾನ

ಹೆಂಡತಿ ಮಂಗಲ ಎಸೆದ ಮೂರೂ ಕವಡೆ ಅಂಗಾತ ಬಿದ್ದವು. ಪಾರಿಸ ತಾನೇ ರೂಪಿಸಿದ ಹಲಗೆ-ಫುಟ್‌ಬಾಲ್ ಆಟದ ನಿಯಮದಂತೆ ತನ್ನ ಗೋಲ್‌ಕೀಪರನನ್ನು ಮಲಗಿಸಿದ. ಅವಳು ಚೆಂಡಾಗಿದ್ದ ಅಂಗಿಯ ಗುಂಡಿಯನ್ನು ಬೆರಳಿನಿಂದ ಚಿಮ್ಮಿದಳು. ನೇರ ಗೋಲು!

"ಆ ದಾನ ನಡಿಯೂದಿಲ್ಲ! ಕೈ ತಿರುವಿ ಒಗದಿ ನೀ!" ಪಾರಿಸ ಗೋಲ್‌ಕೀಪರನನ್ನು ಎಬ್ಬಿಸಿ ನಿಲ್ಲಿಸಿದ. ಕವಡೆಯ ಎಸೆತಕ್ಕೆ ಮರಾಠಿಯವರಂತೆ ‘ದಾನ’ ಎಂದು ಹೆಸರಿಟ್ಟವನೂ ಅವನೇ.

ಆಟ ಚಲೋ ಇದ್ದರೆ ತನ್ನ ಅಂಗಡಿಯಲ್ಲಿ ಮಾರಾಟಕ್ಕಿಡಲು ನಿಪ್ಪಾಣಿಯಿಂದ ಬಂದಿದ್ದ ಅಭಿನಂದನ ನಕ್ಕ. "ಅರ್ಧ ಕೈಚಳಕ, ಅರ್ಧ ನಸೀಬ ಅಂದಿದ್ರಿ. ಜಗಳದ ಪಾಲು ಎಷ್ಟರಿ?"

ಮಂಗಲ ನಗಲಿಲ್ಲ. "ಬಸದಿಯೊಳಗ ಹೆಸರು ಕೂಗಿಸಿ ದಾನ ಕೊಡ್ತಾರ್ರಿ ಇವರು. ಮನ್ಯಾಗ ಹೆಂಡತಿಗೆ ಬಿದ್ದ ದಾನ ಕಸಗೋತಾರ."

ಅಭಿನಂದನ ಚಹಾದ ಕಪ್ಪಿನೊಳಗೆ ನೋಡತೊಡಗಿದ. ಪಾರಿಸನ ಕಿವಿ ಬಿಸಿಯಾದವು. ಬೈಗುಳ ಬಾಯಿತನಕ ಬಂದು ನಿಂತಿತು.

"ಗೋಲು ಆಕಿದ ಐತ್ರಿ," ಎಂದ, ಯಾರ ಮುಖವನ್ನೂ ನೋಡದೆ.