ಏಳನೆಯ ದೋಣಿ

ಕರಾವಳಿಯನ್ನು ಕಡಲು ನುಂಗಿ ಅರವತ್ತು ವರ್ಷಗಳಾಗಿದ್ದವು. ಬೆಳ್ಳಕ್ಕಿ ಕುದ್ರುವಿನಲ್ಲಿ ಉಳಿದಿದ್ದುದು ಒಂದೇ ಸಿಹಿನೀರಿನ ಬಾವಿ. ಆ ದ್ವೀಪಕ್ಕೆ ಮೊದಲು ಬಂದ ಏಳು ದೋಣಿಗಳವರ ಸಂತತಿಗೆ ಮಾತ್ರ ಅದರ ನೀರು. ಪ್ರತಿ ಬೇಸಿಗೆಯಲ್ಲಿ ದ್ವೀಪದ ಚರಿತ್ರೆಯನ್ನು ಬಾಯಿಪಾಠ ಹೇಳುವುದು ದುಗ್ಗಮ್ಮನ ಕೆಲಸ. ಅವಳ ಬಾಯಲ್ಲಿ ಹೆಸರು ಬಾರದ ಮನೆಯವರು ದ್ವೀಪ ಬಿಡಬೇಕು.

ಈ ಸಲ ಬಾವಿಯ ತಳ ಕಾಣತೊಡಗಿತ್ತು. ದ್ವೀಪದ ಮುಖಂಡ, ಗುರಿಕಾರ ಅಂಗರ ಬೆಳಿಗ್ಗೆಯೇ ಬಂದು, "ಒಂದು ಮನೆ ಕಮ್ಮಿ ಆಗ್ಬೇಕು ದುಗ್ಗಮ್ಮ. ಇಲ್ದಿದ್ರೆ ನಿಮ್ಮದೇ" ಎಂದು ಹೇಳಿ ಹೋಗಿದ್ದ.

ಬಾವಿಕಟ್ಟೆಯ ಮೇಲೆ ನಿಂತ ದುಗ್ಗಮ್ಮ ಆರು ದೋಣಿಗಳವರ ಹೆಸರು ಹೇಳಿ ನಿಲ್ಲಿಸಿದಳು.

ಸೂಲಗಿತ್ತಿ ಚಂದು ಗುಂಪಿನಿಂದ ಮುಂದೆ ಬಂದಳು. ದುಗ್ಗಮ್ಮನ ಹೆರಿಗೆಗಳನ್ನೆಲ್ಲ ಮಾಡಿಸಿದವಳು ಅವಳೇ. "ದುಗ್ಗಕ್ಕ, ನನ್ನಜ್ಜನ ದೋಣಿ ಮರ್ತೇ ಹೋಯ್ತಾ?"

"ಅಂಥ ದೋಣಿ ಬರ್ಲೇ ಇಲ್ಲ ಚಂದು."

ಚಂದು ಸುತ್ತಲಿನವರ ಮುಖ ನೋಡಿದಳು. ಎಲ್ಲರೂ ತಮ್ಮ ಖಾಲಿ ಕೊಡಗಳನ್ನು ನೋಡುತ್ತಿದ್ದರು. ಮಧ್ಯಾಹ್ನ ಅವಳನ್ನೂ ಗಂಡನನ್ನೂ ಹೆತ್ತವರಿಲ್ಲದ ಎಳೆ ಮೊಮ್ಮಗುವನ್ನೂ ದೋಣಿಯಲ್ಲಿ ಕೂರಿಸಿ, ಹುಟ್ಟುಗೋಲು ಕಿತ್ತುಕೊಂಡು, ಕಡಲಿಗೆ ತಳ್ಳಿದರು.

ಮರುದಿನ ದುಗ್ಗಮ್ಮ ಮಗಳು ಜಲಜೆಗೆ ಚರಿತ್ರೆ ಕಲಿಸಲು ಕೂತಳು. "ಮೊದಲು ಬಂದದ್ದು ಆರು ದೋಣಿ."

"ಏಳಲ್ವಾ ಅಮ್ಮ?" ಎಂದಳು ಜಲಜೆ.

ದುಗ್ಗಮ್ಮ ಅವಳ ಕೆನ್ನೆಗೆ ಬಾರಿಸಿದಳು.

"ಆರು. ಮತ್ತೆ ಹೇಳು."